ಗೋಡೆಗೆ ಮುಖ ಮಾಡಿ

ಇಪ್ಪತ್ತಾರು ವರ್ಷ ಮಗ್ಗದ ಶೆಡ್ಡಿನಲ್ಲಿ ನಿಂತವನು ನಾನು.
ಮಿಲ್ಲು ಮುಚ್ಚುವ ಮೊದಲೇ ನನ್ನ ಕಿವಿ ಮುಚ್ಚಿತ್ತು.
ಸಮಾಧಾನಮ್ಮನ ದನಿ ಹೇಗಿತ್ತೆಂದು
ನನ್ನನ್ನು ಕೇಳಬೇಡಿ.
ಅವಳ ತುಟಿ ಹೇಗಿತ್ತು, ಕೇಳಿ.

ಬೈಯುವಾಗ ಕೆಳತುಟಿ ಮುಂದೆ ಬರುತ್ತಿತ್ತು.
ಸಾರಿನ ಉಪ್ಪು ನೋಡುವಾಗ ಒಳಗೆ ಹೋಗುತ್ತಿತ್ತು.
ಭಾನುವಾರ, ಚರ್ಚಿನ ಮೂರನೇ ಬೆಂಚಿನಲ್ಲಿ,
ಎಲ್ಲರಿಗಿಂತ ಅರ್ಧ ಸಾಲು ಮುಂದಿರುತ್ತಿತ್ತು,
ಪಲ್ಲವಿಯ ಬಾಗಿಲಲ್ಲಿ ನಿಂತು
ಉಳಿದವರು ಬರಲೆಂದು ಕಾಯುವ ಹಾಗೆ.

ಹೆಸರಷ್ಟೇ ಸಮಾಧಾನ.
ನಲ್ಲಿಯ ಸರದಿಯಲ್ಲಿ ಮೆಹಬೂಬಿಯ ಕೊಡ ಒದ್ದು ಸೊಟ್ಟ ಮಾಡಿ
ಸಂಜೆ ಆಕೆಯ ಮನೆಗೇ ಹೋಗಿ
ನಮ್ಮ ಕೊಡ ಕೊಟ್ಟು, ಸೊಟ್ಟದ್ದನ್ನು ಹೊತ್ತು ತಂದವಳು.
"ತಪ್ಪಾಯ್ತು ಅಂದ್ಯಾ?" ಎಂದೆ.
"ಕೊಡ ಕೊಟ್ಟೆ" ಎಂದಳು.

ಒಂದು ವರ್ಷ ಚರ್ಚಿನ ಸುಗ್ಗಿ ಹಬ್ಬಕ್ಕೆ
ಮನೆಯಲ್ಲಿದ್ದ ಒಂದೇ ಕೋಳಿಯನ್ನು,
ಮೊಟ್ಟೆ ಇಡುತ್ತಿದ್ದದ್ದನ್ನು,
ಕಾಲು ಕಟ್ಟಿ ಒಪ್ಪಿಸಿಬಿಟ್ಟಳು.
ಹರಾಜಿನಲ್ಲಿ ನಾನು ಕೂಗಿದೆ.
ಕೂಗಿದ್ದು ನನಗೇ ಕೇಳದೆ ಮತ್ತೆ ಕೂಗಿದೆ.
ನನ್ನ ಬೆಲೆಯ ಮೇಲೆ ನಾನೇ ಬೆಲೆ ಏರಿಸಿ
ಅರವತ್ತು ರೂಪಾಯಿಗೆ ನಮ್ಮ ಕೋಳಿ ನಮಗೇ ಬಂತು.
ಅಯ್ಯನವರ ಹೊಟ್ಟೆ ಕೂಡ ಕುಣಿಯುತ್ತಿತ್ತು.
ಮೂರು ದಿನ ಅವಳ ತುಟಿ ಅಲುಗಲಿಲ್ಲ.
ಆಮೇಲಿನ ಮೊಟ್ಟೆಗಳೆಲ್ಲ
ಸೆರಗಿನಲ್ಲಿ ಸರ್ಕಾರಿ ಆಸ್ಪತ್ರೆಯ ಬಾಣಂತಿಯರಿಗೆ ಹೋದವು.
"ದೇವರಿಗೆ ಕೊಟ್ಟಿದ್ದನ್ನ ನಾವು ತಿನ್ನೋದುಂಟೇನ್ರಿ?"

ಮಿಲ್ಲಿನ ಕೂಗು ನಿಂತ ಮೇಲೆ
ಅವಳು ಮಂಡಕ್ಕಿ ಭಟ್ಟಿಗೆ ಸೇರಿದಳು.
ದಾವಣಗೆರೆ ಇನ್ನೂ ಮಗ್ಗುಲು ಬದಲಿಸುವ ಹೊತ್ತಿಗೆ
ಹೊಟ್ಟಿನ ಹೊಗೆಯಲ್ಲಿ, ಕಾದ ಮರಳಿನ ಮುಂದೆ.
ಯೂನಿಕೆಯ ನರ್ಸಿಂಗ್ ಫೀಸು
ಆ ಮರಳಿನಲ್ಲೇ ಅರಳಿದ್ದು.
ಅವಳ ರೆಪ್ಪೆಯ ಮೇಲೆ ಬೂದಿ ಕೂತಿರುತ್ತಿತ್ತು.
ನಾನು ಒರೆಸಲು ಹೋದರೆ
"ಬಿಡ್ರಿ, ನಾಳೆ ಮತ್ತೆ ಬರ್ತೈತಿ."

ಹೊರಡುವ ಮುಂಚೆ, ಮೂರು ಗಂಟೆಗೆ,
ಮೊಣಕಾಲೂರಿ ಪ್ರಾರ್ಥನೆ.
ಅದೊಂದನ್ನು ಮಾತ್ರ
ಗೋಡೆಗೆ ಮುಖ ಮಾಡಿ ಹೇಳುತ್ತಿದ್ದಳು.
ಹೊದಿಕೆಯ ಸಂದಿಯಿಂದ ನನಗೆ ಕಾಣುತ್ತಿದ್ದದ್ದು
ಬೆನ್ನು, ಜಡೆ, ಸವೆದ ಹಿಮ್ಮಡಿ.
ಇಡೀ ಸಂಸಾರದಲ್ಲಿ
ನಾನು ಓದಲಾಗದೆ ಹೋದ ಮಾತು ಅದು.
ಆತನಿಗೆ ಹೇಳಿದ್ದು, ನನಗಲ್ಲವಲ್ಲ.
ಹಾಗೆಂದು ಸುಮ್ಮನಿದ್ದೆ.
ಸುಮ್ಮನಿದ್ದೆ ಅನ್ನುವುದು ಸುಳ್ಳು. ಹೊಟ್ಟೆಕಿಚ್ಚಿತ್ತು.

ಮಣ್ಣು ಮಾಡಿ ಬಂದ ನಾಲ್ಕನೇ ದಿನ
ಅವಳ ಕನ್ನಡಕದ ಡಬ್ಬಿಯಲ್ಲಿ ಒಂದು ಚೀಟಿ.
ಮಂಡಕ್ಕಿ ಚೀಲದ ಕಾಗದ, ಪೆನ್ಸಿಲಿನ ಅಕ್ಷರ.

ಯೂನಿಕೆ: ರಾತ್ರಿ ಡ್ಯೂಟಿ.
ಜಯಂತ: ಸಿಟ್ಟು.
ಮೆಹಬೂಬಿ: ಮೊಣಕಾಲು.
ಭಟ್ಟಿ ಮಾಲೀಕರು. ಇದನ್ನು ಹೊಡೆದುಹಾಕಿ
ಪಕ್ಕದಲ್ಲೇ ಮತ್ತೆ ಬರೆದಿದ್ದಳು.
ಆಮೇಲೆ, "ಹೆಸರಿಡದೆ ಹೋದದ್ದು."
ಮೂರು ದಿನ ಬದುಕಿದ ನಮ್ಮ ನಡುವಿನ ಕೂಸು.
ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ
ನಾನು ಎರಡು ಬೆರಳು ತೋರಿಸುತ್ತಿದ್ದೆ.
ಅವಳು ಆಗೆಲ್ಲ ಒಲೆಯ ಕಡೆ ತಿರುಗುತ್ತಿದ್ದಳು.

ಎಲ್ಲಕ್ಕಿಂತ ಕೆಳಗೆ, ಜಾಗ ಸಾಲದೆ ಅಂಚಿಗೆ ಹತ್ತಿಸಿ:
"ಇವರ ಕಿವಿ. ನಿನ್ನ ಚಿತ್ತ, ಸ್ವಾಮಿ.
ಕೊಡೋದಾದ್ರೆ ಒಂದಿನ ಮೊದಲೇ ಹೇಳು,
ಅವತ್ತು ಬೈಯಲ್ಲ."

ಈಗ ಮೂರಕ್ಕೆ ನನಗೇ ಎಚ್ಚರವಾಗುತ್ತದೆ.
ಅವಳಷ್ಟು ಚೆನ್ನಾಗಿ ಮೊಣಕಾಲು ಮಡಚಲು ಬಾರದು,
ಮಣೆ ಹಾಕಿಕೊಂಡು ಕೂರುತ್ತೇನೆ.
ಅದೇ ಗೋಡೆ, ಅದೇ ಚೀಟಿ, ಒಂದೊಂದೇ ಹೆಸರು.
ಕೊನೆಗೊಂದು ನನ್ನ ಕೈಯಿಂದ ಬರೆದದ್ದು:
ಸಮಾಧಾನ.

ನಿನ್ನೆ ಮೆಹಬೂಬಿ ಕಿಟಕಿ ತೆರೆದು ನಿಂತಿದ್ದಳು.
ಬೀದಿ ದೀಪದಲ್ಲಿ ಅವಳ ತುಟಿ ಓದಿದೆ:
"ಮೆಲ್ಲಗೆ ಹೇಳ್ರಿ ಅಣ್ಣಾ,
ನನ್ನ ಮೊಣಕಾಲಿನ ಸುದ್ದಿ
ಓಣಿಗೆಲ್ಲ ಕೇಳಸ್ತೈತಿ."